ನಿಂತು ಓಡಿಸುವ ಜೆಟ್ ಸ್ಕೀ: ಎಂಜಿನ್‌ಗೆ ಗಾಳಿ ಸಾಲದಿದ್ದರೆ ಏನು ಮಾಡಬೇಕು?

ನಿಂತು ಓಡಿಸುವ ಜೆಟ್ ಸ್ಕೀಯ ಎಂಜಿನ್ ಹೊರಗಿನ ಗಾಳಿಯನ್ನು ನೇರವಾಗಿ ಎಳೆದುಕೊಳ್ಳುವುದಿಲ್ಲ. ಗಾಳಿ ಮೊದಲು ಹುಡ್‌ನ (ಎಂಜಿನ್ ಮೇಲಿನ ಮುಚ್ಚಳದ) ಕಂಡಿ, ಕೊಳವೆಗಳನ್ನು ದಾಟಿ ಹಲ್ (ಜೆಟ್ ಸ್ಕೀಯ ಟೊಳ್ಳು ಒಡಲು) ಒಳಗೆ ಬರಬೇಕು. ಅಲ್ಲಿಂದ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಅದನ್ನು ಎಳೆದುಕೊಳ್ಳುತ್ತದೆ. ನೀರು ಬರಬಾರದೆಂದು ಹುಡ್ ಸುತ್ತ ರಬ್ಬರ್ ಸೀಲ್ ಬಿಗಿಯಾಗಿ ಕೂತಿರುತ್ತದೆ. ಹಾಗಾಗಿ ಆ ಕೊಳವೆ ಸಾಲದಿದ್ದರೆ ಗಾಳಿಗೆ ಬೇರೆ ದಾರಿಯೇ ಇಲ್ಲ.

ಕಂಪನಿಯಿಂದ ಬಂದ ಎಂಜಿನ್ ಹಾಗೇ ಇದ್ದರೆ ಈ ತೊಂದರೆ ಅಷ್ಟಾಗಿ ಬರುವುದಿಲ್ಲ. ದೊಡ್ಡ ಕಾರ್ಬ್ಯುರೇಟರ್ ಹಾಕಿಸಿದಾಗ, ಎಂಜಿನ್ ಬದಲಿಸಿದಾಗ ಶುರುವಾಗುತ್ತದೆ. ಆಗ ಹುಡ್‌ಗೆ ತೂತು ಕೊರೆಯಲು ಕೈ ತುರಿಸುವುದು ಸಹಜ. ಸ್ವಲ್ಪ ತಡೆಯಿರಿ. ಒಮ್ಮೆ ಕೊರೆದ ತೂತಿನಲ್ಲಿ ಗಾಳಿಯ ಜೊತೆ ನೀರೂ ಬರುತ್ತದೆ. ನಿಜಕ್ಕೂ ಗಾಳಿಯೇ ಕಡಿಮೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಮೊದಲು ಪರೀಕ್ಷೆ

ಗಾಳಿ ಸಾಲದಿದ್ದಾಗ ಕಡಿಮೆ ವೇಗದಲ್ಲಿ ಎಲ್ಲವೂ ಸರಿ ಇರುತ್ತದೆ. ಥ್ರಾಟಲ್ ಪೂರ್ತಿ ಒತ್ತಿದಾಗ ಮಾತ್ರ ಎಂಜಿನ್ ಉಸಿರುಗಟ್ಟಿದ ಹಾಗೆ ಮಂದವಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಕಪ್ಪಗೆ, ಒದ್ದೆಯಾಗಿ ಕಾಣುತ್ತದೆ. ಆದರೆ ಪೆಟ್ರೋಲ್ ಜಾಸ್ತಿಯಾದರೂ ಇದೇ ಲಕ್ಷಣ. ಅದಕ್ಕೇ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ತೋರಿಸುವ ಮೀಟರ್ ಬೇಕು.

ಅಲೆ ಇಲ್ಲದ ನೀರಿನಲ್ಲಿ, ದಡಕ್ಕೆ ಹತ್ತಿರದಲ್ಲೇ, ಹುಡ್ ಮುಚ್ಚಿ ಪೂರ್ತಿ ಥ್ರಾಟಲ್‌ನಲ್ಲಿ ನೇರವಾಗಿ ಓಡಿಸಿ. ಎಷ್ಟು ಆರ್‌ಪಿಎಂ ಬಂತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಹುಡ್ ಕೆಳಗೆ ನಾಲ್ಕು ಕಡೆ ರಬ್ಬರ್ ತುಂಡು ಇಟ್ಟು ಬೆರಳಗಲ ಎತ್ತರಿಸಿ, ಪಟ್ಟಿಯಿಂದ ಬಿಗಿದು ಅದೇ ದಾರಿಯಲ್ಲಿ ಮತ್ತೊಮ್ಮೆ ಓಡಿಸಿ. ಆರ್‌ಪಿಎಂ ಎದ್ದು ಕಾಣುವಷ್ಟು ಏರಿದರೆ ಗಾಳಿ ಸಾಲುತ್ತಿಲ್ಲ. ಏರದಿದ್ದರೆ ತೊಂದರೆ ಬೇರೆ ಕಡೆ ಇದೆ, ತೂತು ಕೊರೆದು ಪ್ರಯೋಜನವಿಲ್ಲ. ಈ ಪರೀಕ್ಷೆಯಲ್ಲಿ ಜೆಟ್ ಸ್ಕೀ ಮಗುಚಿದರೆ ಹಲ್ ತುಂಬಾ ನೀರು. ಲೈಫ್ ಜಾಕೆಟ್ ಹಾಕಿಕೊಳ್ಳಿ. ಎಂಜಿನ್ ನಿಲ್ಲಿಸುವ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ದಡದಲ್ಲಿ ಇನ್ನೊಬ್ಬರು ಇರಲೇಬೇಕು.

ಮೋಸ ಮಾಡುವ ಹೊಗೆ

ಹುಡ್ ಎತ್ತಿದಾಗ ಎಂಜಿನ್ ಸುಧಾರಿಸಿತು ಅಂದ ಮಾತ್ರಕ್ಕೆ ಕೊಳವೆ ಸಣ್ಣದು ಅಂತ ತೀರ್ಮಾನಿಸಬೇಡಿ. ಎಕ್ಸಾಸ್ಟ್ ಎಲ್ಲಾದರೂ ಸೋರುತ್ತಿದ್ದರೂ ಹೀಗೇ ಆಗುತ್ತದೆ. ಹೊಗೆ ಹಲ್ ಒಳಗೆ ತುಂಬಿಕೊಳ್ಳುತ್ತದೆ, ಎಂಜಿನ್ ತನ್ನದೇ ಹೊಗೆಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ. ಎಷ್ಟು ದೊಡ್ಡ ಕೊಳವೆ ಹಾಕಿದರೂ ಇದು ವಾಸಿಯಾಗುವುದಿಲ್ಲ.

ಎರಡಕ್ಕೂ ಒಂದು ವ್ಯತ್ಯಾಸ ಇದೆ. ಕೊಳವೆ ಸಣ್ಣದಾಗಿದ್ದರೆ ಥ್ರಾಟಲ್ ಪೂರ್ತಿ ಒತ್ತಿದ ಕೂಡಲೇ ಗೊತ್ತಾಗುತ್ತದೆ. ಹೊಗೆ ಸೋರುತ್ತಿದ್ದರೆ ಶುರುವಿನಲ್ಲಿ ಚೆನ್ನಾಗಿ ಓಡಿ, ಹೊತ್ತು ಹೋದಂತೆ ಸೊರಗುತ್ತದೆ. ಎಕ್ಸಾಸ್ಟ್ ಪೈಪಿನ ಜೋಡಣೆಗಳ ಸುತ್ತ ಎಣ್ಣೆ ಬೆರೆತ ಕಪ್ಪು ಮಸಿ ಇದೆಯಾ, ರಬ್ಬರ್ ಹೋಸ್ ಎಲ್ಲಾದರೂ ಸುಟ್ಟಿದೆಯಾ ನೋಡಿ. ದಡದಲ್ಲಿ ಎಂಜಿನ್ ಓಡಿಸಿ ನೋಡುವುದಾದರೆ ಬಯಲಿನಲ್ಲೇ ಮಾಡಿ, ಕೋಣೆಯೊಳಗೆ ಬೇಡ. ತಂಪಿಗೆ ನೀರಿನ ಪೈಪ್ ಜೋಡಿಸಿದ್ದರೆ ಮೊದಲು ಎಂಜಿನ್ ಶುರು ಮಾಡಿ, ಆಮೇಲೆ ನೀರು ಬಿಡಿ. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಉಲ್ಟಾ ಮಾಡಿದರೆ ಎಕ್ಸಾಸ್ಟ್ ದಾರಿಯಿಂದ ಸಿಲಿಂಡರ್‌ಗೇ ನೀರು ನುಗ್ಗಬಹುದು.

ಇನ್ನೊಂದು ಸಣ್ಣ ವಿಷಯ. ಹಲ್ ಒಳಗೆ ತುರುಕಿದ ಟವೆಲ್ಲು, ಟೂಲ್ ಬ್ಯಾಗ್ ಕೊಳವೆಯ ಬಾಯಿ ಮುಚ್ಚಿಲ್ಲ ತಾನೇ? ಅದನ್ನೂ ನೋಡಿಬಿಡಿ.

ಎಷ್ಟು ಅಗಲ ಬೇಕು?

701 ಸಿಸಿಯ ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಗಾಳಿ ಎಳೆಯುತ್ತದೆ. ಪ್ರತಿ ಸಲವೂ ಸಿಲಿಂಡರ್ ಪೂರ್ತಿ ತುಂಬುತ್ತದೆ ಅಂದುಕೊಂಡರೆ, 6,500 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 76 ಲೀಟರ್ ಗಾಳಿ ಬೇಕು. ಇಷ್ಟೂ ಗಾಳಿ 50 ಮಿ.ಮೀ. ಅಗಲದ ಒಂದೇ ಕೊಳವೆಯಲ್ಲಿ ಬರಬೇಕಾದರೆ ಗಂಟೆಗೆ ಸುಮಾರು 139 ಕಿ.ಮೀ. ವೇಗದಲ್ಲಿ ನುಗ್ಗಬೇಕು. 75 ಮಿ.ಮೀ.ನ ಎರಡು ಕೊಳವೆ ಇದ್ದರೆ ಸುಮಾರು 31 ಕಿ.ಮೀ. ಸಾಕು. ವೇಗ ಎರಡು ಪಟ್ಟಾದರೆ ಒತ್ತಡದ ನಷ್ಟ ನಾಲ್ಕು ಪಟ್ಟಾಗುತ್ತದೆ. ಅಗಲಕ್ಕೆ ಇಷ್ಟು ಬೆಲೆ ಇರುವುದು ಅದಕ್ಕೇ.

ಕಾರ್ಬ್ಯುರೇಟರ್‌ಗಳ ಬಾಯಿಯ ಒಟ್ಟು ವಿಸ್ತೀರ್ಣದ ಎರಡು ಪಟ್ಟಾದರೂ ಕೊಳವೆಗಳ ವಿಸ್ತೀರ್ಣ ಇರಲಿ ಅನ್ನುವುದು ನನ್ನ ಅಂದಾಜು. 38 ಮಿ.ಮೀ.ನ ಎರಡು ಕಾರ್ಬ್ಯುರೇಟರ್‌ಗಳ ವಿಸ್ತೀರ್ಣ ಸುಮಾರು 23 ಚದರ ಸೆಂ.ಮೀ. 75 ಮಿ.ಮೀ.ನ ಒಂದು ಕೊಳವೆ ಸುಮಾರು 44. ಹಾಗಾಗಿ ಒಂದು ಕೊಳವೆ ಸ್ವಲ್ಪದರಲ್ಲೇ ಸಾಲದು, ಎರಡು ಧಾರಾಳ.

ಅಗಲದಷ್ಟೇ ಆಕಾರವೂ ಮುಖ್ಯ. ಒಳಗೆ ಸುಕ್ಕು ಇಲ್ಲದ ನುಣುಪಾದ ಕೊಳವೆ ಒಳ್ಳೆಯದು. ತಿರುವು ಕಡಿಮೆ ಇರಲಿ. ಬಾಯಿಯ ಅಂಚನ್ನು ಹರಿತವಾಗಿ ಬಿಡದೆ ಹೊರಕ್ಕೆ ಗುಂಡಗೆ ಮಾಡಿ. ಖರ್ಚಿಲ್ಲದ ಈ ಕೆಲಸದಿಂದ ಬಾಯಿಯಲ್ಲಾಗುವ ನಷ್ಟ ತುಂಬಾ ಇಳಿಯುತ್ತದೆ.

ಗಾಳಿ ಬರಲಿ, ನೀರು ಹೊರಗಿರಲಿ

ಹೊರಗಿನ ಬಾಯಿ ಎತ್ತರದಲ್ಲಿ, ನಡುಗೆರೆಗೆ ಹತ್ತಿರ ಇರಲಿ. ಹ್ಯಾಂಡಲ್ ಪೋಲ್‌ನ ಬುಡದ ಹಿಂದಿನ ಮರೆ ಒಳ್ಳೆ ಜಾಗ. ಮುಂದಕ್ಕೆ ಮುಖ ಮಾಡಿದ ಕಂಡಿ ನೋಡಲು ಚೆಂದ, ಆದರೆ ಎರಚುವ ನೀರನ್ನೆಲ್ಲ ಅದೇ ಕುಡಿಯುತ್ತದೆ. ಸಾಧ್ಯವಾದರೆ ಗಾಳಿ ಮೊದಲು ಒಂದು ಸಣ್ಣ ಪೆಟ್ಟಿಗೆಗೆ ಬಂದು, ಅಲ್ಲಿ ತಿರುಗಿ ಕೊಳವೆಗೆ ಇಳಿಯುವಂತೆ ಮಾಡಿ. ಗಾಳಿ ಸುಲಭವಾಗಿ ತಿರುಗುತ್ತದೆ, ಭಾರದ ಹನಿ ತಿರುಗಲಾರದೆ ಗೋಡೆಗೆ ಬಡಿದು ಕೆಳಗೆ ಬೀಳುತ್ತದೆ. ಆ ನೀರು ಹೊರಗೆ ಹೋಗಲು ಪೆಟ್ಟಿಗೆಯ ತಳದಲ್ಲಿ ತೂತು ಇರಲಿ.

ಒಳಗಿನ ತುದಿ ಹಲ್‌ನ ತಳದ ಕಡೆಗೆ ಇಳಿದಿರಬೇಕು. ಇದರ ಹಿಂದೆ ಜಾಣತನ ಇದೆ. ಜೆಟ್ ಸ್ಕೀ ಮಗುಚಿದಾಗ ತಳ ಮೇಲಾಗುತ್ತದೆ, ಕೊಳವೆಯ ಒಳತುದಿ ನೀರಿನ ಮಟ್ಟಕ್ಕಿಂತ ಮೇಲೆ ಹೋಗುತ್ತದೆ, ನೀರು ಒಳಗೆ ಸುರಿಯುವುದಿಲ್ಲ. ಕೊಳವೆಯನ್ನು ಅರ್ಧಕ್ಕೇ ಕತ್ತರಿಸಿದರೆ ಗಾಳಿ ಸಲೀಸಾಗಿ ಬರುತ್ತದೆ ನಿಜ, ಆದರೆ ಈ ರಕ್ಷಣೆ ಹೋಗುತ್ತದೆ. ಹಾಗಂತ ತಳಕ್ಕೆ ಅಂಟಿಸಲೂ ಬೇಡಿ. ಕೊಳವೆಯ ಅಗಲದಷ್ಟಾದರೂ ಅಂತರ ಬಿಡಿ, ಇಲ್ಲದಿದ್ದರೆ ತಳದಲ್ಲಿ ನಿಂತ ನೀರೇ ಬಾಯಿ ಮುಚ್ಚುತ್ತದೆ. ಗಾಳಿ ಹೀಗೆ ಕೆಳಗಿಂದ ಸುಳಿದರೆ ತಳದಲ್ಲಿ ಕೂರುವ ಪೆಟ್ರೋಲ್ ಆವಿಯೂ ಕದಲುತ್ತದೆ.

ಫೈಬರ್‌ಗ್ಲಾಸ್ ಕೊರೆಯುವಾಗ ಮಾಸ್ಕ್ ಹಾಕಿ, ಕತ್ತರಿಸಿದ ಅಂಚಿಗೆ ರೆಸಿನ್ ಬಳಿಯಿರಿ. ಹಲ್ ಒಳಗಿನ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಇಲ್ಲದಿದ್ದರೆ ಈಗ ಹಾಕಿಸಿ. ಗಾಳಿ ಜಾಸ್ತಿ ಬರಲಿ ಅಂತ ಕಾರ್ಬ್ಯುರೇಟರ್ ಬಾಯಿಯಲ್ಲಿರುವ ಫ್ಲೇಮ್ ಅರೆಸ್ಟರ್ ಮಾತ್ರ ತೆಗೆಯಬೇಡಿ. ಎಂಜಿನ್ ಬ್ಯಾಕ್‌ಫೈರ್ ಆದಾಗ, ಅಂದರೆ ಉರಿ ಕಾರ್ಬ್ಯುರೇಟರ್ ಕಡೆಗೆ ಹಿಂದಕ್ಕೆ ಚಿಮ್ಮಿದಾಗ, ಹಲ್‌ನಲ್ಲಿರುವ ಆವಿಗೆ ಬೆಂಕಿ ತಗುಲದಂತೆ ತಡೆಯುವುದು ಅದೇ.

ಕೊನೆಗೆ ಪೆಟ್ರೋಲ್ ಹೊಂದಿಕೆ

ಗಾಳಿ ಕಡಿಮೆ ಇದ್ದಾಗ ಹೊಂದಿಸಿದ ಕಾರ್ಬ್ಯುರೇಟರ್‌ಗೆ ಈಗ ಹೆಚ್ಚು ಗಾಳಿ ಸಿಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಸುಡುವುದು ಹೀಗೇ. ಮೊದಲ ಓಟಕ್ಕೆ ಮುಂಚೆಯೇ ಕಾರ್ಬ್ಯುರೇಟರ್‌ನ ಹೈ ಸ್ಪೀಡ್ ಸ್ಕ್ರೂವನ್ನು (ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಎಷ್ಟು ಬರಬೇಕೆಂದು ಹೊಂದಿಸುವ ಸ್ಕ್ರೂ) ಕಾಲು ಸುತ್ತು ಬಿಚ್ಚಿ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಥ್ರಾಟಲ್ ಬಿಡದೆ ಎಂಜಿನ್ ನಿಲ್ಲಿಸಿ, ದಡಕ್ಕೆ ಎಳೆದು ತಂದು ಪ್ಲಗ್ ನೋಡಿ. ಕಪ್ಪಗಿದ್ದರೆ ತುಸು ಬಿಗಿ ಮಾಡಿ, ಮತ್ತೆ ನೋಡಿ. ಕಂದು ಬಣ್ಣ ಬಂದರೆ ಅಲ್ಲಿಗೆ ನಿಲ್ಲಿಸಿ. ಬೆಳ್ಳಗಿದ್ದರೆ ಓಡಿಸಲೇಬೇಡಿ, ಸ್ಕ್ರೂ ಇನ್ನಷ್ಟು ಬಿಚ್ಚಿ.

ಆಮೇಲೆ ಹುಡ್ ಎತ್ತರಿಸುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಎರಡೂ ಸಲ ಆರ್‌ಪಿಎಂ ಒಂದೇ ಬಂದರೆ ಎಂಜಿನ್‌ಗೆ ಬೇಕಾದಷ್ಟು ಗಾಳಿ ಸಿಗುತ್ತಿದೆ, ಇನ್ನೊಂದು ತೂತು ಬೇಡ.