ಇಸುಬಿನ ಮೈಗೆ ಎಣ್ಣೆ ಸ್ನಾನಕ್ಕೆ ಮುಂಚೆ ಅಲ್ಲ, ಆಮೇಲೆ

ಇಸುಬು (ಎಕ್ಸಿಮಾ) ಇರುವ ಮಗು ಮನೆಯಲ್ಲಿದ್ದರೆ ಸಲಹೆಗೇನೂ ಬರ ಇಲ್ಲ. ಬೇವು ಅರೆದು ಹಚ್ಚಿ, ಅರಿಶಿನ ಹಚ್ಚಿ, ಹೊಂಗೆ ಎಣ್ಣೆ ಹಚ್ಚಿ, ಬದನೆಕಾಯಿ ನಂಜು, ಕೊಡಲೇಬೇಡಿ. ನನ್ನ ಮಗಳಿಗೆ ಕೈಗೂಸಾಗಿದ್ದಾಗಲೇ ಕೆನ್ನೆಯಲ್ಲಿ ಶುರುವಾಯಿತು. ಬೆಳೆಯುತ್ತಾ ಮೊಣಕೈ ಮಡಿಕೆಗೂ ಮಂಡಿಯ ಹಿಂದಕ್ಕೂ ಬಂತು. ಈಗ ಅವಳು ಶಾಲೆಗೆ ಹೋಗುವ ಹುಡುಗಿ, ರಾತ್ರಿ ಕೆರೆದುಕೊಳ್ಳದೆ ಮಲಗುತ್ತಾಳೆ. ಅವಳಿಗೆ ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಅಂತ ಬೇರೆ ಅಮ್ಮಂದಿರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಚರ್ಮದಲ್ಲಿ ತೇವ ನಿಲ್ಲುವುದಿಲ್ಲ. ಮೇಲ್ಪದರ ಗಟ್ಟಿ ಇರುವುದಿಲ್ಲ, ಒಳಗಿನ ನೀರು ಆರಿಹೋಗುತ್ತದೆ, ಸೋಪು, ಬೆವರು, ಧೂಳು ಒಳಗಿಳಿದು ಕೆರಳಿಸುತ್ತವೆ. ಕೆಲವರಲ್ಲಿ ಆ ಮೇಲ್ಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಅನ್ನುವ ಪ್ರೋಟೀನ್ ಹುಟ್ಟಿನಿಂದಲೇ ಕಡಿಮೆ. ತುರಿಕೆ ಬಂತು ಅಂತ ಕೆರೆದರೆ ಚರ್ಮ ಇನ್ನಷ್ಟು ಒಡೆಯುತ್ತದೆ, ತುರಿಕೆ ಜಾಸ್ತಿಯಾಗುತ್ತದೆ. ಹಾಗಾಗಿ ಯಾವ ಸೊಪ್ಪು ಹಚ್ಚಲಿ ಅಂತ ಹುಡುಕುವ ಮೊದಲು ತೇವ ಉಳಿಸುವುದು ಹೇಗೆ ಅಂತ ನೋಡಬೇಕು.

ನಮ್ಮ ಎಣ್ಣೆಸ್ನಾನದ ಕ್ರಮ ಗೊತ್ತಲ್ವಾ? ಮೈತುಂಬ ಎಣ್ಣೆ ತಿಕ್ಕಿ, ಸ್ವಲ್ಪ ಹೊತ್ತು ನೆನೆಸಿ, ಹಂಡೆಯ ಸುಡುಸುಡು ನೀರು ಹೊಯ್ದು, ಕಡಲೆಹಿಟ್ಟೋ ಸೀಗೆಪುಡಿಯೋ ಹಾಕಿ ಜಿಡ್ಡು ಬಿಡುವವರೆಗೂ ಉಜ್ಜುವುದು. ಆರೋಗ್ಯದ ಮೈಗೆ ಅದು ಸುಖವೇ. ಇಸುಬಿನ ಮೈಗೆ ಸುಡುನೀರೂ ಆಗದು, ಉಜ್ಜುವುದೂ ಆಗದು, ಹಚ್ಚಿದ ಎಣ್ಣೆಯಂತೂ ಬಚ್ಚಲಿನಲ್ಲಿ ಹರಿದುಹೋಗುತ್ತದೆ. ನಾನು ಈ ಕ್ರಮವನ್ನೇ ತಿರುವು ಹಾಕಿದೆ. ಉಗುರುಬೆಚ್ಚಗಿನ ನೀರು, 5ರಿಂದ 10 ನಿಮಿಷ, ಅಷ್ಟೇ. ವಾಸನೆ ಇಲ್ಲದ ಮೆದು ಸೋಪು, ಅದೂ ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಹಳೇ ಪಂಚೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆಯುತ್ತೇನೆ, ಒರೆಸುವುದಿಲ್ಲ. ಮೈ ಇನ್ನೂ ಹಸಿ ಇರುವಾಗಲೇ, 3 ನಿಮಿಷದೊಳಗೆ, ಬಚ್ಚಲುಮನೆಯಲ್ಲೇ ನಿಲ್ಲಿಸಿಕೊಂಡು ಎಣ್ಣೆ ಸವರುತ್ತೇನೆ. ರೂಮಿಗೆ ಬಂದು ಬಟ್ಟೆ ಹುಡುಕುವಷ್ಟರಲ್ಲಿ ಚರ್ಮ ಆರಿ ಬಿಗಿದುಕೊಂಡಿರುತ್ತದೆ.

ಎಣ್ಣೆ ನಮ್ಮತ್ತೆ ಮಾಡಿಕೊಡುವುದು, ಅವರದು ಕುಂದಾಪುರದ ಕಡೆ. ಬಲಿತ ತೆಂಗಿನಕಾಯಿ ತುರಿದು, ಸ್ವಲ್ಪ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಡುತ್ತಾರೆ. ಮೊದಲು ಹಾಲು ಕುದಿದು ಗಟ್ಟಿಯಾಗುತ್ತದೆ, ಆಮೇಲೆ ಒಡೆದು ಗಸಿ ಬೇರೆ, ಎಣ್ಣೆ ಬೇರೆ ಆಗುತ್ತದೆ. ಚಟಪಟ ಸದ್ದು ಅಡಗಿ ಗಸಿ ಹೊಂಬಣ್ಣಕ್ಕೆ ಬಂದ ತಕ್ಷಣ ಇಳಿಸಬೇಕು. ನೀರಿನ ಅಂಶ ಉಳಿದರೆ ಎಣ್ಣೆ ಬೇಗ ಕಮಟಾಗುತ್ತದೆ, ಅದಕ್ಕೆ ಪೂರ್ತಿ ಆರಿದ ಗಾಜಿನ ಬಾಟಲಿಗೇ ಸೋಸುತ್ತಾರೆ. ಅಷ್ಟೆಲ್ಲ ಆಗದವರು ಅಂಗಡಿಯ ವರ್ಜಿನ್ ತೆಂಗಿನೆಣ್ಣೆ ತರಬಹುದು, ಸುವಾಸನೆ ಬೆರೆಸಿದ ತಲೆಗೆಣ್ಣೆ ಮಾತ್ರ ಬೇಡ. ಫಿಲಿಪೈನ್ಸ್‌ನಲ್ಲಿ ಇಸುಬಿನ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಜಿನ್ ತೆಂಗಿನೆಣ್ಣೆ ಮಿನರಲ್ ಎಣ್ಣೆಗಿಂತ (ಪೆಟ್ರೋಲಿಯಂನಿಂದ ತೆಗೆಯುವ ಎಣ್ಣೆ) ಚೆನ್ನಾಗಿ ಕೆಲಸ ಮಾಡಿತ್ತು. ಎಲ್ಲ ಎಣ್ಣೆಯೂ ಹೀಗಲ್ಲ. ಸಾಸಿವೆ ಎಣ್ಣೆ ಕೆರಳಿಸುತ್ತದೆ, ಆಲಿವ್ ಎಣ್ಣೆ ಚರ್ಮದ ಮೇಲ್ಪದರವನ್ನು ಇನ್ನಷ್ಟು ಸಡಿಲ ಮಾಡುತ್ತದೆ.

ನಾವಿರುವುದು ಬೆಂಗಳೂರಿನಲ್ಲಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಒಣ ಗಾಳಿಗೆ ತೆಂಗಿನೆಣ್ಣೆ ಸಾಲದು, ಅದರ ಮೇಲೆ ಬರೀ ವ್ಯಾಸಲೀನ್ ಹಚ್ಚುತ್ತೇನೆ. ಅದು ನೈಸರ್ಗಿಕ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನೀರು ಆರದ ಹಾಗೆ ತಡೆಯುವುದರಲ್ಲಿ ಅದನ್ನು ಮೀರಿಸುವ ಎಣ್ಣೆ ನಾನು ಕಂಡಿಲ್ಲ.

ತುರಿಕೆ ಜೋರಾದ ದಿನ ಓಟ್ಸ್ ನೀರು. ಉಪ್ಪು, ಮಸಾಲೆ ಏನೂ ಇಲ್ಲದ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಒಂದು ಚಮಚ ಲೋಟದ ನೀರಿಗೆ ಹಾಕಿ ಕಲಕಿದರೆ ನೀರು ಹಾಲಿನ ಹಾಗೆ ಆಗಬೇಕು, ತಳಕ್ಕೆ ಕೂತರೆ ಇನ್ನೂ ನುಣ್ಣಗಾಗಿಲ್ಲ ಅಂತ. ಆ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಬಕೆಟ್‌ನಲ್ಲಿ ಹಿಂಡಿ, ಕೊನೆಯ ನಾಲ್ಕು ಚೊಂಬು ಅದನ್ನೇ ಹೊಯ್ಯುತ್ತೇನೆ. ಓಟ್ಸಿನ ಅವೆನಾಂತ್ರಮೈಡ್ ಅನ್ನುವ ಅಂಶ ತುರಿಕೆ ತಗ್ಗಿಸುತ್ತದೆ. ನೆಲ ಜಾರುತ್ತದೆ, ಮಗುವಿನ ಕೈ ಹಿಡಿದುಕೊಳ್ಳಿ.

ಬೇವು, ಅರಿಶಿನ, ನಿಂಬೆರಸ ನಾನು ಹಚ್ಚುವುದಿಲ್ಲ. ಒಡೆದ ಚರ್ಮಕ್ಕೆ ಅವು ಉರಿ, ಕೆಲವರಿಗೆ ಅವುಗಳಿಂದಲೇ ಅಲರ್ಜಿ ಬರುತ್ತದೆ. ಇನ್ನೊಂದು ವಿಷಯ ಇದೆ: ತಿನ್ನುವ ಪದಾರ್ಥವನ್ನು ಒಡೆದ ಚರ್ಮದ ಮೇಲೆ ಹಚ್ಚುತ್ತಿದ್ದರೆ ಮುಂದೆ ಅದನ್ನು ತಿಂದಾಗಲೂ ಅಲರ್ಜಿಯಾಗಬಹುದು. ಈ ಮಾತು ಕಡಲೆಹಿಟ್ಟಿಗೂ ಸೇರಿದ್ದು, ಓಟ್ಸಿಗೂ ತೆಂಗಿಗೂ ಸೇರಿದ್ದು. ಹಾಗಾಗಿ ಹೊಸದೇನಿದ್ದರೂ ಮೊದಲು ಮುಂಗೈ ಒಳಭಾಗದಲ್ಲಿ, ಚೆನ್ನಾಗಿರುವ ಚರ್ಮದ ಮೇಲೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡುತ್ತೇನೆ. ನಂಜು ಅಂತ ಹೇಳಿ ಮಗುವಿಗೆ ಮೊಟ್ಟೆ, ಹಾಲು ಸುಮ್ನೆ ನಿಲ್ಲಿಸುವುದೂ ಬೇಡ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ಎಣ್ಣೆ, ಓಟ್ಸು ಎಲ್ಲ ದಿನನಿತ್ಯದ ಆರೈಕೆ. ಕೆಂಪು ಜೋರಾದಾಗ ಚರ್ಮದ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಅವರು ಹೇಳಿದಷ್ಟು, ಹೇಳಿದಷ್ಟೇ ದಿನ ಹಚ್ಚುತ್ತೇನೆ, ಅದಕ್ಕೆ ಹೆದರುವುದಿಲ್ಲ. ಹೆದರಬೇಕಾದ್ದು ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಮೂರ್ನಾಲ್ಕು ಔಷಧಿ ಬೆರೆಸಿದ ಕ್ರೀಮಿಗೆ. ಮೈಮೇಲಿರುವುದು ಇಸುಬಲ್ಲದೆ ಹುಳುಕಡ್ಡಿಯಾಗಿದ್ದರೆ, ಆ ಕ್ರೀಮಿನೊಳಗಿನ ಸ್ಟೀರಾಯ್ಡ್‌ನಿಂದ ಹುಳುಕಡ್ಡಿ ಮೈತುಂಬ ಹರಡಬಹುದು.

ಗಾಯ ಒಸರಿ ಹಳದಿ ಹಕ್ಕಳೆ ಕಟ್ಟಿದರೆ ಸೋಂಕಾಗಿದೆ ಅಂತಲೇ ತಿಳಿದು ಡಾಕ್ಟರ ಹತ್ತಿರ ಹೋಗಿ. ಜ್ವರದ ಜೊತೆ ಸಣ್ಣ ಸಣ್ಣ ನೀರುಗುಳ್ಳೆ ಗುಂಪಾಗಿ ಎದ್ದು ನೋಯುತ್ತಿದ್ದರೆ ಅದು ಹರ್ಪಿಸ್ ವೈರಸ್ ಇರಬಹುದು, ಅದೇ ದಿನ ಹೋಗಬೇಕು, ನಾಳೆ ನೋಡೋಣ ಅನ್ನಬೇಡಿ. ಅದೇ ವೈರಸ್‌ನಿಂದ ತುಟಿಯ ಹತ್ತಿರ ನೀರುಗುಳ್ಳೆ ಎದ್ದಿರುವ ನೆಂಟರು ಬಂದರೆ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಮಗುವಿಗೆ ಮುತ್ತು ಕೊಡಲು ಬಿಡಬೇಡಿ.