ಲೈಫ್ ರಿಂಗ್ ಕಟ್ಟಿಡುವುದಕ್ಕಲ್ಲ, ಎಸೆಯುವುದಕ್ಕೆ

ಬೆಂಗಳೂರಿನ ಕೆರೆಗಳಲ್ಲಿ ಕಳೆ ತೆಗೆಯೋಕೆ, ಪ್ಲಾಸ್ಟಿಕ್ ಎತ್ತೋಕೆ ಸಣ್ಣ ದೋಣಿ ಇಳಿಸುವ ಬಡಾವಣೆ ಗುಂಪುಗಳಿವೆ. ಅಂಥ ದೋಣಿಯಲ್ಲಿ ಒಂದು ಕಿತ್ತಳೆ ಬಣ್ಣದ ಲೈಫ್ ರಿಂಗ್, ಅಂದರೆ ನೀರಿಗೆ ಬಿದ್ದವರು ಹಿಡಿದು ತೇಲಲಿ ಅಂತ ಎಸೆಯುವ ಬಳೆ, ಇರುತ್ತದೆ. ಇರುತ್ತದೆ, ಅಷ್ಟೇ. ಯಾರಾದರೂ ಕದ್ದೊಯ್ದಾರು ಅಂತ ಬೈಂಡಿಂಗ್ ವೈರ್ ಹಾಕಿ ಬಿಗಿದಿರುತ್ತಾರೆ, ಇಲ್ಲವೇ ಸೀಟಿನ ಕೆಳಗೆ ತಿಂಡಿ ಡಬ್ಬಿಗಳ ಹಿಂದೆ ತುರುಕಿರುತ್ತಾರೆ. ಮನುಷ್ಯ ನೀರಲ್ಲಿ ಒದ್ದಾಡುವಾಗ ಕಟಿಂಗ್ ಪ್ಲೇಯರ್ ಹುಡುಕೋಕಾಗುತ್ತಾ?

ಮೊದಲು ರಿಂಗ್ ನೋಡಿ. ಗಾಳಿ ತುಂಬುವ ಈಜುಕೊಳದ ಟ್ಯೂಬ್ ಬೇಡವೇ ಬೇಡ, ಒಂದು ಮುಳ್ಳು ಚುಚ್ಚಿದರೆ ಮುಗಿಯಿತು. ಹಡಗುಗಳಿಗಿರುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ರಿಂಗ್ ಕನಿಷ್ಠ 2.5 ಕೆ.ಜಿ. ತೂಗಬೇಕು, ಹೊರ ಅಳತೆ 800 ಮಿ.ಮೀ. ಮೀರಬಾರದು, ಒಳಗಿನ ತೂತು 400 ಮಿ.ಮೀ.ಗಿಂತ ಚಿಕ್ಕದಾಗಿರಬಾರದು, 14.5 ಕೆ.ಜಿ. ಕಬ್ಬಿಣ ಹೊತ್ತು 24 ಗಂಟೆ ಸಿಹಿನೀರಲ್ಲಿ ತೇಲಬೇಕು. ಕೆರೆ ದೋಣಿಗೆ ಈ ನಿಯಮ ಕಡ್ಡಾಯವೋ ಅಲ್ಲವೋ, ಕೊಳ್ಳುವಾಗ ಅಳತೆಗೋಲಾಗಿ ಇಟ್ಟುಕೊಳ್ಳಿ. ಸುತ್ತ ನಾಲ್ಕು ಕಡೆ ಕಟ್ಟಿದ ಹಿಡಿಹಗ್ಗ ಮತ್ತು ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರಲಿ.

ಇನ್ನು ಹಗ್ಗ. ಎಲ್ಲರೂ ಎಡವುವುದು ಇಲ್ಲೇ. ಎಸ್.ಪಿ. ರೋಡಲ್ಲೋ ಕೆ.ಆರ್. ಮಾರ್ಕೆಟ್ ಹತ್ತಿರದ ಅಂಗಡಿಯಲ್ಲೋ ಸುಮ್ನೆ 'ಹಗ್ಗ ಕೊಡಿ' ಅಂದರೆ ನೈಲಾನ್ ಕೊಟ್ಟಾರು, ಅದು ನೀರಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಅಂತ ಹೆಸರಿಟ್ಟು ಕೇಳಿ, ಅದು ತೇಲುತ್ತದೆ. ದಪ್ಪ 8 ಮಿ.ಮೀ. ಇರಲಿ, ತೆಳ್ಳಗಿದ್ದರೆ ಒದ್ದೆ ಕೈಗೆ ಹಿಡಿತ ಸಿಗುವುದಿಲ್ಲ. ಉದ್ದ 30 ಮೀಟರ್. ಇದಕ್ಕೆ ಬಿಸಿಲೇ ಶತ್ರು: ಮೇಲೆಲ್ಲ ಎಳೆ ಎದ್ದು, ಉಜ್ಜಿದರೆ ಪುಡಿ ಉದುರಿದರೆ ಬೇರೆ ಹಾಕಿ. ಒಂದು ತುದಿಯನ್ನು ರಿಂಗಿನ ಮೈಗೇ ಸುತ್ತಿ, ಜಾರದ ಬೋಲೈನ್ ಗಂಟು ಹಾಕಿ. ಇನ್ನೊಂದು ತುದಿಯನ್ನು ದೋಣಿಯ ಗಟ್ಟಿ ಕೊಂಡಿಗೆ ಕಟ್ಟಿ. ನಡುವಿನ ಹಗ್ಗವನ್ನು ಬಾಯಿ ಅಗಲವಿರುವ ಬಟ್ಟೆ ಚೀಲಕ್ಕೆ ಸುಮ್ಮನೆ ಇಳಿಬಿಡಿ, ನೀಟಾಗಿ ಸುರುಳಿ ಸುತ್ತುವುದಕ್ಕಿಂತ ಇದೇ ವಾಸಿ, ಸಿಕ್ಕಾಗುವುದು ಕಡಿಮೆ.

ರಿಂಗನ್ನು ದೋಣಿ ನಡೆಸುವವರ ಕೈಗೆ ಸಿಗುವ ಕಡೆ, ತೆರೆದ ಕೊಕ್ಕೆಗೆ ನೇತುಹಾಕಿ. ಒಂದೇ ಕೈಯಲ್ಲಿ, ಒಂದೇ ಎಳೆತಕ್ಕೆ ಬರಬೇಕು. ಕಳ್ಳರ ಭಯವಿದ್ದರೆ ದಡಕ್ಕೆ ಬಂದ ಮೇಲೆ ಬಿಚ್ಚಿ ಮನೆಗೇ ಒಯ್ಯಿರಿ.

ಯಾರಾದರೂ ಬಿದ್ದರೆ ಜೋರಾಗಿ ಕೂಗಿ. ಒಬ್ಬರ ಕೆಲಸ ಬಿದ್ದವರ ಕಡೆ ಬೆರಳು ತೋರಿಸುತ್ತಲೇ ಇರುವುದು, ಅವರು ಕಣ್ಣು ಬೇರೆ ಕಡೆ ತಿರುಗಿಸಬಾರದು. ರಿಂಗನ್ನು ಕೆಳಗಿನಿಂದ ಬೀಸಿ ಎಸೆಯಿರಿ. ತಲೆಗೆ ಗುರಿ ಇಡಬೇಡಿ, ಎರಡೂವರೆ ಕೆ.ಜಿ. ಬಡಿದರೆ ಪ್ರಜ್ಞೆ ತಪ್ಪೀತು. ಅವರನ್ನು ದಾಟಿ ಆಚೆ ಬೀಳುವಂತೆ ಎಸೆದು, ಹಗ್ಗ ಎಳೆಯುತ್ತಾ ರಿಂಗನ್ನು ಅವರ ಕೈಗೆ ತಲುಪಿಸಿ. ಗಾಳಿ ಜಾಸ್ತಿ ಇದ್ದರೆ ಗಾಳಿ ಬರುವ ಕಡೆಗೆ ಸ್ವಲ್ಪ ಸರಿಸಿ ಎಸೆದರೆ ಅದೇ ತಳ್ಳಿಕೊಂಡು ಬರುತ್ತದೆ. ಹಗ್ಗವನ್ನು ಮಾತ್ರ ಕೈಗೆ ಸುತ್ತಿಕೊಳ್ಳಬೇಡಿ, ಎಳೆತಕ್ಕೆ ನೀವೂ ನೀರಲ್ಲೇ! ಮೋಟಾರ್ ಇದ್ದರೆ ನ್ಯೂಟ್ರಲ್ ಸಾಲದು, ಪೂರ್ತಿ ಆಫ್ ಮಾಡಿ. ನೀರೊಳಗೆ ತಿರುಗುವ ಅದರ ಫ್ಯಾನಿಗೆ ಹಗ್ಗವೂ ಸಿಗುತ್ತದೆ, ಕಾಲೂ ಸಿಗುತ್ತದೆ.

ನೀರಲ್ಲಿರುವವರು ರಿಂಗಿನ ಮೇಲೆ ಹತ್ತಲು ಹೋಗಬಾರದು. ಹತ್ತಿರದ ಅಂಚನ್ನು ಎರಡೂ ಕೈಯಿಂದ ಒತ್ತಿದರೆ ಆಚೆ ಅಂಚು ಮೇಲೆದ್ದು ತಲೆ ಮೇಲಿಂದ ಬರುತ್ತದೆ, ಆಮೇಲೆ ತೋಳುಗಳನ್ನು ಹೊರಗೆ ತೆಗೆದು ಕಂಕುಳ ಕೆಳಗೆ ಸಿಗಿಸಿಕೊಳ್ಳಬೇಕು. ಆಗದಿದ್ದರೆ ಹಿಡಿಹಗ್ಗ ಹಿಡಿದುಕೊಂಡರೂ ಸಾಕು. ಸಣ್ಣ ದೋಣಿಗೆ ಪಕ್ಕದಿಂದ ಎತ್ತಿದರೆ ದೋಣಿಯೇ ಮಗುಚೀತು. ಹಿಂಭಾಗದಿಂದ ಎತ್ತಿ, ಉಳಿದವರು ಕೂತಲ್ಲೇ ಕೂರಲಿ. ನೀರು ಕುಡಿದಿದ್ದರೆ 'ಏನೂ ಆಗಿಲ್ಲ' ಅಂದರೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ನಮ್ಮ ಕೆರೆ ನೀರು ಎಂಥದ್ದು ಅಂತ ಗೊತ್ತಲ್ವಾ. ಉಸಿರಾಟ ಸರಿಯಿಲ್ಲದಿದ್ದರೆ ಕಾಯದೆ 112ಕ್ಕೆ ಫೋನ್ ಮಾಡಿ.

ಇದೆಲ್ಲ ಓದಿದರೆ ಬರುವುದಿಲ್ಲ. ಅರ್ಧ ನೀರು ತುಂಬಿದ ಕ್ಯಾನ್ ಒಂದನ್ನು ಹತ್ತು ಮೀಟರ್ ಆಚೆ ಕೆರೆಗೆ ಬಿಟ್ಟು, ದೋಣಿ ಹತ್ತುವ ಪ್ರತಿಯೊಬ್ಬರೂ ರಿಂಗ್ ಎಸೆದು ಅದನ್ನು ದಾಟಿಸಲಿ. ಹತ್ತು ಮೀಟರ್ ಎಷ್ಟು ದೂರ ಅಂತ ಆಗ ಗೊತ್ತಾಗುತ್ತದೆ.