ಕಂಪನಿ ಲ್ಯಾಪ್‌ಟಾಪ್ ಮನೆಗೆ ಬಂದ ಮೇಲೆ

ಕುವೆಂಪುನಗರದ ಮಹಡಿ ಮನೆಯಲ್ಲೋ ಮಂಡ್ಯ ಕಡೆಯ ಹಳ್ಳಿಯ ಪಡಸಾಲೆಯಲ್ಲೋ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ಕಡಿಮೆಯೇನಿಲ್ಲ. ಆಫೀಸಿನಲ್ಲಿ ಲ್ಯಾಪ್‌ಟಾಪಿಗೆ ಗೇಟಿನ ಸೆಕ್ಯುರಿಟಿಯಿಂದ ನೆಟ್‌ವರ್ಕ್ ಕಾಯುವ ಫೈರ್‌ವಾಲ್‌ವರೆಗೆ ಕಾವಲಿತ್ತು. ಮನೆಯಲ್ಲಿ ಅರ್ಧ ಕಾವಲು ನಿಮ್ಮದೇ.

ಮೊದಲು ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ, ಅಂದರೆ ಅದರಲ್ಲಿರುವುದು ಕೀ ಇಲ್ಲದವರು ಓದಲಾಗದಂತೆ ಗುಪ್ತವಾಗಿದೆಯೇ ನೋಡಿ. ಲಾಗಿನ್ ಪಾಸ್‌ವರ್ಡ್ ಇದೆಯಲ್ಲ ಅನ್ನಬೇಡಿ. ಕದ್ದವನು ಸ್ಕ್ರೂ ಬಿಚ್ಚಿ ಫೈಲುಗಳಿರುವ ಎಸ್‌ಎಸ್‌ಡಿ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಆ ಪಾಸ್‌ವರ್ಡ್ ಕೇಳುವವರೇ ಇಲ್ಲ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಆನ್ ಇರಬೇಕು. ಇಲ್ಲವಾದರೆ ಐಟಿ ವಿಭಾಗದಿಂದಲೇ ಮಾಡಿಸಿ. ಬೀಗ ಬಿದ್ದ ಡಿಸ್ಕ್ ತೆರೆಯುವ ರಿಕವರಿ ಕೀ ಕಳೆದರೆ ನಿಮ್ಮ ಫೈಲು ನಿಮಗೂ ಸಿಗದು.

ಆಮೇಲೆ ಅಪ್‌ಡೇಟ್. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ಸು ಜಗತ್ತನ್ನೇ ಕಾಡಿತಲ್ಲ, ಅದು ನುಗ್ಗಿದ ಕಿಂಡಿ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. 'ನಾಳೆ ನೆನಪಿಸು' ಒತ್ತಿ ಕೂತವರು ಸಿಕ್ಕಿಬಿದ್ದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಇನ್ನೂ ಅದೇ ಆಗಿದ್ದರೆ ಕಂಪನಿಯನ್ನು ಕೇಳಿ.

ವೈಫೈ ಹಾಕಿಕೊಟ್ಟ ಹುಡುಗ ಬಿಟ್ಟುಹೋದ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ವೈಫೈ ಭದ್ರತೆಯ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ವಿಪಿಎನ್, ಅಂದರೆ ಕಂಪನಿಯ ನೆಟ್‌ವರ್ಕಿಗೆ ಹೋಗುವ ಗುಪ್ತ ದಾರಿ, ಹಾಕಿಕೊಂಡೇ ಕೆಲಸ ಮಾಡಿ. ಆದರೆ ವಿಪಿಎನ್ ದಾರಿಯನ್ನಷ್ಟೇ ಕಾಯುತ್ತದೆ, ಲ್ಯಾಪ್‌ಟಾಪಿನೊಳಗೆ ಆಗಲೇ ಸೇರಿಕೊಂಡ ವೈರಸ್ಸನ್ನಲ್ಲ.

ನನ್ನ ಪ್ರಕಾರ ನಮ್ಮೂರುಗಳಲ್ಲಿ ವಿದೇಶದ ಹ್ಯಾಕರ್‌ಗಿಂತ ಮೊದಲು ಹೆದರಬೇಕಾದ್ದು ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್‌ಗೆ. ಮಗಳ ಪ್ರಾಜೆಕ್ಟ್, ಅಪ್ಪನ ಪಹಣಿ, ಊರವರ ಆಧಾರ್, ಎಲ್ಲ ಸುತ್ತುವುದು ಅದೇ ಕಂಪ್ಯೂಟರಿನಲ್ಲಿ. ಮನೆಗೆ ಬಂದು ಚುಚ್ಚಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತವೆ; ಒಂದನ್ನು ಒತ್ತಿದರೆ ವೈರಸ್ಸು ಓಡಿತು. ಕಂಪನಿ ಲ್ಯಾಪ್‌ಟಾಪಿಗೆ ಹೊರಗಿನ ಪೆನ್‌ಡ್ರೈವ್ ಬೇಡವೇ ಬೇಡ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು ಆಫೀಸಿನ ಕಾಗದ ಪ್ರಿಂಟ್ ತೆಗೆಸುವುದೂ ಬೇಡ, ಲಾಗ್‌ಔಟ್ ಮರೆಯುವವರೇ ಹೆಚ್ಚು. ಮಕ್ಕಳಿಗೆ ಗೇಮ್ ಆಡಲು ಇನ್ನೊಂದು ಅಕೌಂಟ್ ಮಾಡಿಕೊಟ್ಟರಾಯಿತು ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಲ್ಯಾಪ್‌ಟಾಪ್ ನಿಮ್ಮದಲ್ಲ.

'ಐಟಿ ಟೀಮಿನಿಂದ ಮಾತಾಡ್ತಿದೀನಿ, ಎನಿಡೆಸ್ಕ್ ಹಾಕಿ' ಎಂದು ಫೋನ್ ಬಂದರೆ ಇಟ್ಟುಬಿಡಿ. ದೂರ ಕೂತವರು ನಿಮ್ಮ ಲ್ಯಾಪ್‌ಟಾಪ್ ನಡೆಸಲು ಬಿಡುವ ಆ್ಯಪ್ ಅದು. ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ನೀವೇ ಮಾಡಿ. ನೀವು ಲಾಗಿನ್ ಆಗದೆ ಮೊಬೈಲಿಗೆ ಲಾಗಿನ್ 'ಅನುಮತಿಸಿ' ಎಂಬ ಕೋರಿಕೆ ಬಂದರೆ ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿರಬಹುದು. ನಿರಾಕರಿಸಿ, ಪಾಸ್‌ವರ್ಡ್ ಬದಲಿಸಿ, ಐಟಿ ವಿಭಾಗಕ್ಕೆ ತಿಳಿಸಿ.

ಪ್ರಯಾಣಕ್ಕೆ ಮುನ್ನ ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಶಟ್‌ಡೌನ್ ಮಾಡಿ, ಎನ್‌ಕ್ರಿಪ್ಷನ್ನಿನ ಬಲ ಆಗಲೇ ಹೆಚ್ಚು. ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಾಗ ಬ್ಯಾಗು ಸೀಟಿನ ಮೇಲಿರದೆ ಹೆಗಲ ಮೇಲಿರಲಿ.

ಅಷ್ಟಾದರೂ ಕಳೆದುಹೋದರೆ? ಮೊದಲ ಫೋನ್ ಐಟಿ ವಿಭಾಗಕ್ಕೆ. ದೂರದಿಂದಲೇ ಲಾಕ್ ಮಾಡುವ ವ್ಯವಸ್ಥೆ ಇದ್ದರೆ ಅದಕ್ಕೆ ಪ್ರತಿ ನಿಮಿಷವೂ ಮುಖ್ಯ. ಆಮೇಲೆ ಹತ್ತಿರದ ಠಾಣೆಗೆ ದೂರು. 1930 ಸಹಾಯವಾಣಿ ಇರುವುದು ಆನ್‌ಲೈನ್ ಹಣ ವಂಚನೆಗೆ, ಕಳ್ಳತನಕ್ಕಲ್ಲ. ಬೈಗುಳದ ಭಯಕ್ಕೆ ಸೋಮವಾರದವರೆಗೆ ಮುಚ್ಚಿಡಬೇಡಿ. ಕೆಲವು ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ನಿರ್ದೇಶನವಿದೆ. ನೀವು ಬಾಯಿ ಬಿಡದಿದ್ದರೆ ಕಂಪನಿಗೆ ಗೊತ್ತಾಗುವುದಾದರೂ ಹೇಗೆ?